ಅಂಚಿನ ಗುರುತು

"ಗುರುಗಳೇ, ಹೊಳೆ ಇಳಿದಿದೆ. ಪಟ್ಟಣಕ್ಕೆ ಆದ ನಷ್ಟದ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರ ಮನೆಯಿಂದ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ. ಅವನ ಹೆಗಲ ಮೇಲೆ ಮಡಿಸಿದ ಬಿಳಿ ಉತ್ತರೀಯವಿತ್ತು, ಕೈಯಲ್ಲಿ ಅಳತೆಯ ಕೋಲಿತ್ತು.

ಗುರುಗಳು ಕೋಲನ್ನು ನೋಡಿ ನಕ್ಕರು. "ಅದನ್ನು ಮೂಲೆಗೆ ಒರಗಿಸಿ ಕೂತುಕೋ. ಇಂಥದೇ ಕೋಲು ಹಿಡಿದಿದ್ದ ಒಬ್ಬ ಕರಣಿಕನ ಕತೆ ಹೇಳುತ್ತೇನೆ" ಎಂದರು.

ಒಂದು ಪಟ್ಟಣ. ಅದರ ನಡುವೆ ಹೊಳೆ. ಒಂದು ಮಳೆಗಾಲ ಹೊಳೆ ಪಟ್ಟಣದೊಳಕ್ಕೇ ಬಂತು, ಮೂರು ದಿನ ನಿಂತು ಹೋಯಿತು. ಅರಸ ಕರಣಿಕನನ್ನು ಕರೆದು, ಯಾರಿಗೆ ಎಷ್ಟು ನಷ್ಟವಾಗಿದೆಯೋ ಬರೆದು ತಾ, ಅದರಂತೆ ಉಗ್ರಾಣದಿಂದ ಮರಮುಟ್ಟು, ಧಾನ್ಯ ಕೊಡಿಸುತ್ತೇನೆ ಎಂದ. ಪಟ್ಟಿಯಲ್ಲಿ ಇಲ್ಲದವರಿಗೆ ಒಂದು ಬಿದಿರ ಗಳವೂ ಇಲ್ಲ.

ಕರಣಿಕ ಪ್ರಾಮಾಣಿಕ. ಲಂಚ ಮುಟ್ಟುವವನಲ್ಲ, ಕಣ್ಣೀರಿಗೆ ಕರಗುವವನೂ ಅಲ್ಲ. ಇಂಥವರ ಕೈಗೆ ಸಿಕ್ಕಿದರೆ ದೇವರೇ ಕಾಪಾಡಬೇಕು. ಅವನು ಒಂದು ಉಪಾಯ ಹೂಡಿದ. ಕೆಸರು ನೀರು ಗೋಡೆಯ ಮೇಲೆ ಗೆರೆ ಬಿಟ್ಟು ಹೋಗುತ್ತದೆ. ಬಾಯಿ ಸುಳ್ಳು ಹೇಳಬಹುದು, ಗೆರೆ ಹೇಳುವುದಿಲ್ಲ. ಗೆರೆ ಎಷ್ಟು ಗೇಣು ಎತ್ತರವೋ ಅಷ್ಟು ನಷ್ಟ.

ಒಬ್ಬ ವ್ಯಾಪಾರಿ ತನ್ನ ಮಳಿಗೆಯಲ್ಲಿ ಏಳು ಗೇಣು ನೀರಿತ್ತೆಂದು ಎದೆ ಬಡಿದುಕೊಂಡ. ಕರಣಿಕ ಕೋಲು ಹಿಡಿದು ನೋಡಿದ, ಐದೇ ಗೇಣು. ಐದೇ ಎಂದು ಬರೆದ. ಹೀಗೆ ಮನೆಮನೆಯ ಧಾನ್ಯ, ಪಾತ್ರೆ, ಬಾಗಿಲು ಎಲ್ಲ ಪಟ್ಟಿಗೆ ಬಂತು. ಬಟ್ಟೆಬರೆ ಮಾತ್ರ ಯಾರದೂ ಹೋಗಿರಲಿಲ್ಲ. ಅದರ ಮುಂದೆ ಕರಣಿಕ 'ನಷ್ಟವಿಲ್ಲ' ಎಂದು ಬರೆದ. ಏಕೆ ಎಂದು ಅವನು ಕೇಳಲಿಲ್ಲ.

ಕೊನೆಗೆ ಹೊಳೆಯ ದಂಡೆಯಲ್ಲಿದ್ದ ಮಡಿವಾಳರ ಕೇರಿಗೆ ಬಂದ. ಅಲ್ಲಿ ಬರೀ ಮರಳಿತ್ತು. ಜನ ಒಂದು ಮರದ ಕೆಳಗೆ ಕೂತಿದ್ದರು. ಗೋಡೆಯೇ ಇಲ್ಲದ ಮೇಲೆ ಗೆರೆಯೆಲ್ಲಿ? ಕರಣಿಕ 'ಗುರುತಿಲ್ಲ' ಎಂದು ಬರೆದು ಮುಂದೆ ಸೊನ್ನೆ ಹಾಕಿದ. ಎಲ್ಲವನ್ನೂ ಕಳೆದುಕೊಂಡವರಿಗೆ ಪಟ್ಟಿಯ ಪ್ರಕಾರ ಏನೂ ನಷ್ಟವಾಗಿರಲಿಲ್ಲ.

ಒಬ್ಬ ಮುದುಕಿ ಎದ್ದು ಬಂದಳು. "ಬುದ್ಧೀ, ನಮ್ದೂ ಬರ್ಕಳಿ. ಹದಿನೆಂಟು ಮನೆ ಇತ್ತು. ನನ್ನ ಸೊಸೆಗೆ ದಿನ ತುಂಬ್ತಾ ಬಂತು. ಹೆರಕ್ಕೆ ಒಂದು ಸೂರಾದ್ರೂ ಬೇಕಲ್ಲ" ಎಂದಳು.

"ಹದಿನೆಂಟು ಎನ್ನುವುದಕ್ಕೆ ಗುರುತೇನು? ನಾಳೆ ಎಂಬತ್ತು ಎಂದರೂ ಬರೆಯಬೇಕೆ?" ಎಂದ ಕರಣಿಕ.

ಮುದುಕಿಗೆ ಸಿಟ್ಟು ನೆತ್ತಿಗೇರಿತು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಗುರುತು ನಿಮ್ಮ ಹೆಗಲ ಮೇಲೇ ಐತೆ, ನೋಡ್ಕಳಿ. ಹಬ್ಬ ಅಂತ ಊರಿನ ಬಟ್ಟೆಯೆಲ್ಲ ನಮ್ಮತ್ರನೇ ಇತ್ತು. ನೀರು ಏರಿದಾಗ ಕತ್ತೆಗಳ ಮೇಲೆ ನಿಮ್ಮ ಗಂಟು ಹೇರ್ಕೊಂಡು ಗುಡ್ಡ ಹತ್ತಿದ್ವಿ. ನಮ್ಮ ಮಡಕೆ ಕುಡಿಕೆಗೆ ಇನ್ನೊಂದು ಸಲ ಬರಾನ ಅಂದ್ವಿ. ಇನ್ನೊಂದು ಸಲ ಬಂದಾಗ ಕೇರಿ ಇರ್ಲಿಲ್ಲ."

ಕರಣಿಕ ತನ್ನ ಹೆಗಲ ಮೇಲಿದ್ದ ಉತ್ತರೀಯದ ಅಂಚನ್ನು ತಿರುವಿ ನೋಡಿದ. ಎಷ್ಟು ಒಗೆದರೂ ಹೋಗದ ಕರಿಗೇರುಕಾಯಿಯ ಮಸಿಯಲ್ಲಿ ಮೂರು ಚುಕ್ಕಿ. ಒಗೆಯುವ ಕಡೆ ಬಟ್ಟೆ ಅದಲುಬದಲಾಗದಂತೆ ಪ್ರತಿಯೊಂದು ಮಡಿವಾಳರ ಮನೆಯವರೂ ತಮ್ಮದೇ ಗುರುತು ಹಾಕುತ್ತಿದ್ದರು. ಎಷ್ಟೋ ವರ್ಷಗಳಿಂದ ಹೊದೆಯುತ್ತಿದ್ದರೂ ಅವನು ಅದನ್ನು ನೋಡಿರಲಿಲ್ಲ.

ಅವನಿಗೆ ನಾಚಿಕೆಯಾಯಿತು. ಪಟ್ಟಿಗೆ ಇನ್ನೂ ಮುದ್ರೆ ಬಿದ್ದಿರಲಿಲ್ಲ, ಅದೊಂದು ಪುಣ್ಯ. ಕೋಲನ್ನು ಅಲ್ಲೇ ಬಿಟ್ಟು ಮತ್ತೆ ಪೇಟೆಗೆ ಹೋದ. ಮನೆಮನೆಯ ಬಟ್ಟೆ ಹರಡಿಸಿ ಅಂಚುಗಳನ್ನು ನೋಡಿದ. ಚುಕ್ಕಿ, ಗೆರೆ, ಸುತ್ತು, ಕತ್ತರಿ ಎಂದು ಎಣಿಸುತ್ತಾ ಹೋದ. ಹದಿನೆಂಟು ಬಗೆಯ ಗುರುತುಗಳಿದ್ದವು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಸೊನ್ನೆಯನ್ನು ಹೊಡೆದುಹಾಕಿ ಹದಿನೆಂಟು ಮನೆ, ಪೂರ್ತಿ ನಷ್ಟ ಎಂದು ಬರೆದ.

ಹದಿನೈದು ದಿನದೊಳಗೆ ಗುಡ್ಡದ ಮೇಲೆ ಹದಿನೆಂಟು ಮನೆ ಎದ್ದವು. ಮೊದಲು ಸೂರು ಹೊದಿಸಿದ್ದು ಮುದುಕಿಯ ಮನೆಗೆ. ಸೊಸೆ ಅಲ್ಲೇ ಹೆತ್ತಳು. ತಾಯಿ ಮಗು ಇಬ್ಬರೂ ಕ್ಷೇಮ ಎಂದು ತಿಳಿದ ಮೇಲೆ ಮುದುಕಿ "ಉಸ್ಸಪ್ಪಾ" ಎಂದು ಹೊಸ ಜಗಲಿಯ ಮೇಲೆ ಕೂತಳು. ಸುದ್ದಿ ಕೇಳಿದ ಕರಣಿಕನಿಗೂ ಎದೆಯ ಭಾರ ಇಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೂ ಸಮಾಧಾನವಾಗಿತ್ತು. ಕೋಲು ತೆಗೆದುಕೊಳ್ಳದೆ ಎದ್ದು, "ಗೋಡೆ ಇಲ್ಲದವರಿಂದ ಶುರು ಮಾಡುತ್ತೇನೆ ಗುರುಗಳೇ. ಆದರೆ ಅವರನ್ನು ಎಲ್ಲಿ ಹುಡುಕಲಿ?" ಎಂದ.

"ಇಷ್ಟು ನೆರೆ ಬಂದರೂ ನಿನ್ನ ಉತ್ತರೀಯ ನೆನೆಯದೆ ಉಳಿದಿದೆಯಲ್ಲ, ಅದರ ಅಂಚಿನಿಂದಲೇ ಹುಡುಕು" ಎಂದರು ಗುರುಗಳು.