ದಾರಿ ಬದಲಿಸಿದ ಇರುವೆಗಳು

"ಅವ್ವಾ, ಹನ್ನೆರಡು ವರ್ಷ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದೆ. ಈಗ ಅದನ್ನು ಬಿಟ್ಟು ಬಾ ಎಂದು ಕರೆ ಬಂದಿದೆ. ಗಿರಣಿ ಕೆಲಸಗಾರರ ಪಿಂಚಣಿ ನಿಧಿ ಕಾಯುವ ಟ್ರಸ್ಟಿಗಳಿಗೆ ಸಲಹೆ ಹೇಳುವ ಕೆಲಸ. ಹೋದರೆ ನನ್ನ ವಿದ್ಯೆ ಹಾಳಾಗುವುದಿಲ್ಲವೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುತಾಯಿ ಎಲೆಗೆ ಸುಣ್ಣ ಹಚ್ಚುತ್ತ, "ಕೂಡು ತಮ್ಮಾ. ಇದು ನೆಟ್ಟಗೆ ಹೇಳಬಾರದ ಮಾತು, ಅದಕ್ಕೇ ಕಥೆ ಹೇಳುತ್ತೇನೆ" ಎಂದಳು.

ಮಗ್ಗದವರ ಒಂದು ಊರು. ಅಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಪ್ರತಿ ಸುಗ್ಗಿಗೆ ಮಗ್ಗಕ್ಕೊಂದು ಚೀಲದಂತೆ ನೇಕಾರರು ಊರ ಹಿರಿಯನ ಕೈಗೆ ಜೋಳ ಕೊಡಬೇಕು. ಅವನು ಹಗೇವು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಬೇಕು. ಲಾಳಿ ಎಸೆಯಲಾರದೆ ಕೈ ಸೋತವರು ಮಗ್ಗ ಬಿಟ್ಟ ದಿನದಿಂದ ಸಾಯುವ ತನಕ ಆ ಜೋಳ ಉಣ್ಣಬೇಕು. ಕೈ ಸೋತವರು ಯಾರೂ ಇಲ್ಲದ ವರ್ಷ, ಜೋಳ ತುಂಬುವ ಹಿರಿಯನ ಹೊರತು ಯಾರೂ ಹಗೇವು ತೆರೆಯುವಂತಿಲ್ಲ. ತೆರೆದು ತೋರಿಸು ಎಂದರೆ ಹಿರಿಯನಿಗೆ ಅವಮಾನ ಮಾಡಿದಂತೆ. ಮರ್ಯಾದೆ ಜಾಸ್ತಿಯಾದ ಕಡೆ ಇಲಿಗೆ ಹಬ್ಬ.

ಅದೇ ಊರಿನಲ್ಲಿ ಒಬ್ಬ ಪಂಡಿತನಿದ್ದ. ಅವನ ಪಾಂಡಿತ್ಯ ಇರುವೆಯದು. ಬೆಳಗ್ಗೆ ಹಗೇವಿನ ಪಕ್ಕದ ಬೇವಿನ ನೆರಳಿಗೆ ಬಂದು ಮೊಣಕಾಲೂರಿ ಕೂತರೆ ಊಟದ ನೆನಪಿಲ್ಲ. ಇರುವೆಯ ಸಾಲು ನೋಡುತ್ತ ನೋಡುತ್ತ ಮೈ ಹಗುರವಾಗುತ್ತಿತ್ತು. ಮಗ್ಗಗಳ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ತಾನೂ ಒಂದು ಕಾಳು ಹೊತ್ತು ಸಾಲಿನಲ್ಲಿ ಹೊರಟಿದ್ದೇನೆ, ಮುಂದೆ ಯಾವುದೋ ತಂಪಾದ ಕತ್ತಲೆಯ ಮನೆ ಇದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಎಚ್ಚರಾದಾಗ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ.

ಇಂಥವನಿಗೆ ಹಿರಿಯ ತನ್ನ ಮಗಳನ್ನು ಕೊಟ್ಟ. ಯಾಕೆ ಕೊಟ್ಟ ಎಂದು ಊರೆಲ್ಲ ಕೇಳಿತು. ಐದು ದಿನದ ಮದುವೆ, ಮೂರು ಊರು ಉಂಡಿತು. ಅಷ್ಟು ಜೋಳ ಎಲ್ಲಿಂದ ಬಂತು ಎಂದು ಕೇಳಬೇಕಾದವರ ಬಾಯಿಯಲ್ಲಿ ಹೋಳಿಗೆ ಇತ್ತು. ಮದುಮಗನ ಕಣ್ಣು ಅಕ್ಕಿಕಾಳು ಹೊತ್ತು ಹೊರಟ ಒಂದು ಇರುವೆಯ ಮೇಲೆ. ಅತ್ತೆ ಬೆನ್ನಿಗೆ ತಿವಿದ ಮೇಲೆ ತಾಳಿಯ ಗಂಟು ಬಿತ್ತು.

ಆ ವರ್ಷವೇ ಇರುವೆಗಳು ದಾರಿ ಬದಲಿಸಿದವು. ಅಲ್ಲಿಯವರೆಗೆ ಸಾಲು ಹಗೇವಿನ ಬಾಯಿಯ ಬಿರುಕಿನಿಂದ ಹೊರಡುತ್ತಿತ್ತು. ಆಮೇಲೆ ಹಿರಿಯನ ಮನೆಯ ಹೊಸ್ತಿಲಿನಿಂದ ಹೊರಟಿತು. ಪಂಡಿತ ಹಿಗ್ಗಿ ಒಂದು ಇಡೀ ಹಾಳೆ ಬರೆದ. ಇರುವೆ ಎಂಥ ಜಾಣ ಜೀವ, ಹಳೆಯ ದಾರಿಗೆ ಅಂಟಿಕೊಳ್ಳುವುದಿಲ್ಲ ಎಂದು ಬರೆದ.

ಎರಡು ವರ್ಷ ಕಳೆಯಿತು. ಆ ಎರಡು ಸುಗ್ಗಿಯ ಜೋಳವೂ ಹಿರಿಯನ ಕೈಗೇ ಹೋಯಿತು; ಕೈ ಸೋತವರು ಯಾರೂ ಇಲ್ಲದ್ದರಿಂದ ಹಗೇವನ್ನು ಊರು ನೋಡಲಿಲ್ಲ. ಹೆಂಡತಿ ಬಸುರಿಯಾದಳು. ಇರುವೆಯಿಂದ ಹೊಟ್ಟೆ ತುಂಬುವುದಿಲ್ಲ. ಮಾವ ಕರೆದು, "ಹಗೇವಿಗೆ ಎಷ್ಟು ಹಾಕಬೇಕು, ಎಷ್ಟು ತೆಗೆಯಬೇಕು, ಮುಂದಿನವರಿಗೆ ಎಷ್ಟು ಉಳಿಸಬೇಕು, ನೀವು ಹೇಳಿ. ಊರು ನಿಮಗೆ ಸಂಬಳ ಕೊಡುತ್ತದೆ" ಎಂದ. ಈ ಕನಸುಗಣ್ಣಿನವನಿಗೆ ಕಾಲ ಕೆಳಗಿನ ಇರುವೆ ಕಂಡೀತು, ಕಣ್ಣ ಮುಂದಿನ ಮಾವ ಕಾಣಲಾರ ಎಂದು ಹಿರಿಯನ ಎಣಿಕೆ.

ಪಂಡಿತ ಹಾಳೆಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿದ. ಮಗುವನ್ನು ಮಲಗಿಸಿದಂತೆ ಅಟ್ಟದ ಮೇಲೆ ಇಟ್ಟ. ಬಾವಿಕಟ್ಟೆಯ ಹೆಂಗಸರು, "ಇರುವೆಯ ಹಿಂದೆ ತಿರುಗಿ ತಿರುಗಿ ಕೊನೆಗೆ ಬೆಲ್ಲ ಎಲ್ಲಿದೆ ಎಂದು ಕಂಡುಕೊಂಡ ನೋಡೇ" ಎಂದು ನಕ್ಕರು.

ಕೆಲಸಕ್ಕೆ ಕೂತ ಮೊದಲ ದಿನವೇ ಒಬ್ಬ ಮುದುಕಿ ಹಗೇವಿನ ಹತ್ತಿರ ಬಂದಳು. ನಲವತ್ತು ಸುಗ್ಗಿ ಜೋಳ ಕೊಟ್ಟ ನೇಕಾರ್ತಿ. ಲಾಳಿ ಎಸೆದು ಎಸೆದು ಅವಳ ಬೆರಳು ಸೊಟ್ಟಗಾಗಿದ್ದವು.

"ನನ್ನ ಪಾಲು ಒಳಗೆ ಇದೆಯೇನಪ್ಪಾ? ಇದೆ ಅಂದರೆ ನಾಳೆ ಮಗ್ಗ ಮಾರುತ್ತೇನೆ, ಗಿರಾಕಿ ಬಂದಿದ್ದಾನೆ. ಇಲ್ಲ ಅಂದರೆ ಇನ್ನೊಂದೆರಡು ವರ್ಷ ಹೇಗೋ ಕೈ ಎಳೆಯುತ್ತೇನೆ."

ಪಕ್ಕದಲ್ಲಿ ನಿಂತಿದ್ದ ಮಾವ, "ಹೂಂ ಅನ್ನಿ ಅಳಿಯಂದಿರೇ. ಅಷ್ಟಕ್ಕೆ ಯೋಚನೆ ಏಕೆ?" ಎಂದ.

ಪಂಡಿತ ಅಭ್ಯಾಸಬಲದಿಂದ ನೆಲ ನೋಡಿದ. ಹಗೇವಿನ ಬಾಯಿಯ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಒಂದು ಇರುವೆಯೂ ಇರಲಿಲ್ಲ. ಆ ಬರಿಯ ನೆಲ ಅವನಿಗೆ ಕನಸಿನಲ್ಲಿ ಕಂಡ ನೆಲದಂತೆ ತೋರಿತು. ಮಗ್ಗಗಳ ಸದ್ದು ಮತ್ತೆ ನೀರಿನಡಿಗೆ ಇಳಿಯಿತು. ಅಟ್ಟದ ಮೇಲಿನ ಹಾಳೆ ಗಂಟು ಬಿಚ್ಚಿಕೊಂಡು ತಾನೇ ಕಣ್ಣ ಮುಂದೆ ಬಂದು ನಿಂತಿತು. ಹೊಸ್ತಿಲಿನಿಂದ ಹೊರಟ ಸಾಲನ್ನು ಅವನು ಎರಡನೆಯ ಸಲ ನೋಡಿದ. ಇರುವೆಗಳು ಎಷ್ಟು, ಎತ್ತ ತಿರುಗಿದವು, ಎಲ್ಲಿ ನಿಂತವು, ಎಲ್ಲ ಬರೆದಿದ್ದ. ಹೊತ್ತದ್ದು ಏನು ಎಂದು ಮಾತ್ರ ಬರೆದಿರಲಿಲ್ಲ. ಈಗ ಕಂಡಿತು. ಒಂದೊಂದರ ಬಾಯಿಯಲ್ಲಿ ಒಂದೊಂದು ಚೂರು ಜೋಳ. ದಾರಿ ಬದಲಿಸಿದ್ದು ಇರುವೆಯಲ್ಲ.

ಇರುವ ಮನೆ ಮಾವನದು. ಉಟ್ಟ ಧೋತರ ಮಾವನದು. ಒಳಗೆ ಬಸುರಿ ಹೆಂಡತಿ. ಅವನ ಕಣ್ಣು ಆ ಬಿರುಕಿನ ಮೇಲೇ ಇತ್ತು. ನಿದ್ದೆ ಹೋದ ಎಂದುಕೊಂಡು ಮಾವ ಭುಜ ಅಲ್ಲಾಡಿಸಿದ.

"ಮಗ್ಗ ಮಾರಬೇಡ ತಾಯೀ" ಎಂದ ಪಂಡಿತ. "ನಿನ್ನ ಜೋಳವನ್ನು ನನ್ನ ಮದುವೆಯಲ್ಲಿ ಬಡಿಸಿದರು. ನಾನೂ ಉಂಡೆ."

ಜನ ಕೂಡಿ ಕಲ್ಲು ಎತ್ತಿದರು. ತಳದಲ್ಲಿ ಒಂದು ಹಿಡಿ ಹೊಟ್ಟು ಇತ್ತು. ಹಿರಿಯ ಮೊದಲು ಇಲಿಯನ್ನು ಬೈದ. ಆಮೇಲೆ ಅಳಿಯನನ್ನು ಬೈದ. ಸಂಜೆಯೊಳಗೆ ಪಂಡಿತನ ಹಾಸಿಗೆ ಬೀದಿಯಲ್ಲಿತ್ತು. ಹೆಂಡತಿ ಆ ಹಾಸಿಗೆಯ ಹಿಂದೆಯೇ ಬಂದಳು ಎನ್ನುತ್ತಾರೆ. ತವರಿನಲ್ಲಿ ಮೂರು ದಿನ ಬಿಸಿ ರೊಟ್ಟಿ ತಿಂದು ಬಂದಳು ಎಂದೂ ಎನ್ನುತ್ತಾರೆ. ನಾನು ಎರಡನ್ನೂ ನಂಬುತ್ತೇನೆ.

ಗುರುತಾಯಿ ಮಾತು ನಿಲ್ಲಿಸಿ ಎಲೆಯನ್ನು ಬಾಯಿಗೆ ಹಾಕಿಕೊಂಡಳು.

ನಿಜಗುಣ ಕನಸಿನಲ್ಲಿದ್ದವನಂತೆ ಕೇಳಿದ. "ಅಟ್ಟದ ಮೇಲಿನ ಆ ಹಾಳೆಗಳು ಏನಾದವು, ಅವ್ವಾ? ಅವನು ಇರುವೆಯ ಕಡೆಗೆ ಮತ್ತೆ ಹೋದನೇ?"

"ಮುದುಕಿ ಆಮೇಲೆ ಏನು ಉಂಡಳು ಎಂದು ನೀನು ಕೇಳಲಿಲ್ಲ, ತಮ್ಮಾ."