ಪಂಕ್ತಿಯನ್ನು ಉಪವಾಸ ಕೆಡವಿದವನು

"ಸಿಡಿಲಗಿರಿಯ ಪ್ರಜೆಗಳೆಲ್ಲ ಕೇಳಿರಿ. ನಾಡಿನ ವೈರ್‌ಲೆಸ್‌ನಲ್ಲಿ ಮಾತು ತುಂಡುತುಂಡಾಗಿ ಕೇಳುತ್ತಿದೆ. ಕೆರೆಯ ಏರಿ ಒಡೆದ ದಿನ ಕಾವಲಿನವರ ಕೂಗು ಪೂರ್ತಿ ತಲುಪದೆ ಕೆಳಗಿನ ಕೇರಿ ಕೊಚ್ಚಿಹೋಯಿತು. ಈ ದೋಷದ ಮೂಲ ರಾಜಕುಮಾರಿ ಬಾಚಲೆಯ ಮೂರು ಒಗಟುಗಳಲ್ಲಿದೆ. ಬಿಡಿಸಿದವನಿಗೆ ಅವಳ ಕೈ, ತಪ್ಪಿದವನಿಗೆ ತಲೆದಂಡ."

ದೊರೆ ಕಂಚರಸ ಹೀಗೆ ಡಂಗುರ ಹೊಡೆಸಿದ. ಒಗಟು ಕಟ್ಟಿದ ಬಾಚಲೆಗೆ ಉತ್ತರ ಗೊತ್ತಿತ್ತು. ತಂದೆಗೆ ಹೇಳಿಯೂ ಇದ್ದಳು. "ಹುಡುಗಾಟ ಬಿಡು ಮಗಳೇ" ಎಂದು ಅವನು ನಕ್ಕು, ಒಗಟಿನ ಪಣಕ್ಕೆ ಮಾತ್ರ ಒಪ್ಪಿದ್ದ. ಅದನ್ನೇ ತುಂಬಿದ ಸಭೆಯಲ್ಲಿ ಹೇಳುವ ಗಂಡು ಇದ್ದಾನೆಯೇ ನೋಡೋಣ ಎಂಬುದು ಅವಳ ಹಟ. ಇರಲಾರ ಎಂದೇ ಅವಳ ನಂಬಿಕೆ.

ಭೋಜನಶಾಲೆಯಲ್ಲಿ ಎಲೆ ಹಾಕಿ, ಊಟದ ನಡುವೆಯೇ ಪರೀಕ್ಷೆ ಶುರುವಾಯಿತು. ಮೊದಲು ಎದ್ದವನು ಸಾಮಂತ ಗೊಗ್ಗಿದೇವ, ಮೀಸೆಗೆ ತುಪ್ಪ ಸವರಿಕೊಂಡು ಬಂದವನು.

"ಬೇಗ ಓಡಿದರೆ ಹತ್ತಿರದಲ್ಲೇ ಸೋತು ನಿಲ್ಲುತ್ತದೆ, ನಿಧಾನ ನಡೆದರೆ ದೂರದ ಊರು ಮುಟ್ಟುತ್ತದೆ. ಏನದು?" ಎಂದಳು ಬಾಚಲೆ.

"ನನ್ನ ಕುದುರೆ."

"ಕುದುರೆಯನ್ನೇ ಕಳಿಸಬಹುದಿತ್ತು. ಅದು ಬಾಯಿ ಮುಚ್ಚಿಕೊಂಡಾದರೂ ಇರುತ್ತಿತ್ತು."

ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಮುಂದೆ ಬಂದವನು ಯಂತ್ರವಿದ್ಯೆ ಕಲಿತ ಬಿಜ್ಜರಸ.

"ಅದು ವೈರ್‌ಲೆಸ್‌ನ ವೇಗ," ಎಂದ. "ವೇಗ ಹೆಚ್ಚಿಸಿದರೆ ಅಲೆ ದೂರ ಹೋಗದು."

"ತಡವಾಗಿ ಬರುವುದಕ್ಕಿಂತ ಬಾರದಿರುವುದೇ ಮೇಲು. ಏನದು?"

"ಮಾತಿನ ತುಣುಕು. ಓಲೆ ತಡವಾದರೂ ಓದಬಹುದು. ಮಾತಿನ ನಡುವೆ ಹಿಂದಿನ ಅಕ್ಷರ ಬಂದು ಬಿದ್ದರೆ ಅದು ಕಿವಿಗೆ ಕಸ."

ಬಾಚಲೆ ಮೊದಲ ಬಾರಿಗೆ ಅವನ ಮುಖ ನೋಡಿದಳು. "ಒಬ್ಬನು ಉಣ್ಣುವುದು ಒಂದೇ ಹಿಡಿ, ಪಂಕ್ತಿಯೆಲ್ಲ ಉಪವಾಸ ಬೀಳುತ್ತದೆ. ಯಾರವನು?"

ಬಿಜ್ಜರಸನ ಕಣ್ಣು ದೊರೆಯ ಎಲೆಯ ಪಕ್ಕದಲ್ಲಿದ್ದ ಚಿನ್ನದ ಕವಚದ ಹಳೆಯ ಫೋನಿನ ಮೇಲೆ ಬಿತ್ತು, ಅಲ್ಲಿಂದ ದೊರೆಯ ಹುಬ್ಬಿಗೆ ಹೋಯಿತು. ಅವನು ಉಗುಳು ನುಂಗಿದ.

"ಅಡುಗೆಯವರು. ಅವರ ಅಗ್ಗದ ಫೋನುಗಳು."

ದೊರೆ ತಲೆದೂಗಿದ. ಬಾಚಲೆಗೆ ಬಾಯೆಲ್ಲ ಕಹಿಯಾಯಿತು. ಕಲಿತ ವಿದ್ಯೆಯನ್ನೆಲ್ಲ ಇವನು ಒಂದೇ ಗುಟುಕಿಗೆ ನುಂಗಿಬಿಟ್ಟನಲ್ಲ. "ತಪ್ಪು" ಎಂದಳು. ಭಟರು ಅವನನ್ನೂ ಎಳೆದೊಯ್ದರು.

ಹುಳಿ ಬಡಿಸುತ್ತಿದ್ದ ಕೇತ ಸೌಟು ಕೆಳಗಿಟ್ಟ. "ನಾನು ಹೇಳ್ಲಾ, ಅಮ್ಮಣ್ಣಿ?"

"ಹುಳಿ ಬಡಿಸುವವನಿಗೂ ಇರುವುದು ಒಂದೇ ತಲೆ. ಯೋಚಿಸಿ ಮಾತಾಡು," ಎಂದಳು ತಾತ್ಸಾರದಿಂದ.

"ಮೊದಲೆರಡು ಅವರು ಹೇಳಿದ್ದೇ ಸರಿ. ಮೂರನೇದು ದೊರೆಗಳ ಫೋನು."

ಪಂಕ್ತಿಯಲ್ಲಿ ತುತ್ತುಗಳು ಬಾಯಿಯ ಹತ್ತಿರವೇ ನಿಂತವು.

"ದೊರೆಗಳು ಮಾತಾಡುವಾಗಲೆಲ್ಲ ನಮ್ಮ ಫೋನುಗಳು ಗೊರಗೊರ ಅಂತವೆ, ಇಟ್ಟ ಕೂಡಲೇ ಸರಿಹೋಗ್ತವೆ. ಹಳೇ ಫೋನದು, ನಿಧಾನದ ವೇಗ ಬಿಟ್ಟರೆ ಬೇರೆ ತಿಳೀದು. ಅದಕ್ಕೋಸ್ಕರ ಅಲೆ ಹರಡೋ ಎಲ್ಲ ಪೆಟ್ಟಿಗೇಲೂ ಆ ವೇಗ ತೆರೆದಿಟ್ಟಿದ್ದಾರೆ. ಅದು ಒಂದು ಮಾತು ಮುಗಿಸೋ ತನಕ ಗಾಳೀಲಿ ಬೇರೆಯವರಿಗೆ ಜಾಗವಿಲ್ಲ. ದೊರೆಗಳು ಏಳೋ ತನಕ ಪಂಕ್ತೀಲಿ ಯಾರೂ ಏಳೋ ಹಾಗಿಲ್ಲವಲ್ಲ, ಹಾಗೆ."

"ಏರಿ ಒಡೆದಾಗ ನಾನು ಮಾತಾಡುತ್ತಿದ್ದೆನೇ?" ಎಂದ ಕಂಚರಸ. ಅವನ ದನಿ ತಣ್ಣಗಿತ್ತು.

"ಹೌದು, ಬುದ್ಧಿ. ಆಗ ನಿಮಗೆ ಹಾಲು ತಂದುಕೊಟ್ಟವನು ನಾನೇ. ನಮ್ಮವ್ವ ಕೆಳಗಿನ ಕೇರೀಲಿದ್ದಳು."

ತಲೆದಂಡಕ್ಕೆಂದು ಬಾಗಿಲಲ್ಲಿ ನಿಂತಿದ್ದ ಕೊಡಲಿಯವನು ದೊರೆಯ ಸನ್ನೆಗಾಗಿ ಕಾದ. ಬಾಚಲೆ ಎದ್ದು ಕೇತನ ಪಕ್ಕಕ್ಕೆ ಬಂದು ನಿಂತಳು.

"ಉತ್ತರ ಸರಿ. ನಿಧಾನದ ವೇಗಗಳನ್ನು ಮುಚ್ಚಬೇಕು. ವೇಗದ ಅಲೆ ದೂರ ಹೋಗದು, ಆದ್ದರಿಂದ ಪೆಟ್ಟಿಗೆಗಳನ್ನು ಹತ್ತಿರ ಹತ್ತಿರ ಕಟ್ಟಬೇಕು. ಆಗ ಮಾತಿನ ತುಣುಕು ಹೊತ್ತಿಗೆ ಸರಿಯಾಗಿ ಬರುತ್ತದೆ. ಆ ಫೋನು ಮಾತ್ರ ಮೂಕವಾಗುತ್ತದೆ, ಅಪ್ಪಾಜಿ."

ಕಂಚರಸ ಕೊಡಲಿಯವನಿಗೆ ಹಿಂದೆ ಸರಿಯಲು ಸನ್ನೆ ಮಾಡಿದ. ಆಮೇಲೆ ಫೋನನ್ನು ಎಲೆಯಿಂದಾಚೆ ತಳ್ಳಿದ. "ಮುಚ್ಚಿಸು."

ನಾಡಿನ ವೈರ್‌ಲೆಸ್ಸೆಲ್ಲ ಕೇತನ ಸುಪರ್ದಿಗೆ ಬಂತು. ಬಾಚಲೆ ತಾನಾಗಿಯೇ ಕೈ ಚಾಚಿದಳು. ಮದುವೆಮನೆಗೆ ರಕ್ತದ ಕಲೆ ಬೇಡವೆಂದು ಕೇತ ಸೋತವರಿಬ್ಬರ ತಲೆಗಳನ್ನು ಬೇಡಿ ಉಳಿಸಿಕೊಂಡ.

ಸೆರೆಯಿಂದ ಹೊರಬಂದ ಬಿಜ್ಜರಸ ಅವಳೆದುರು ಕೈಮುಗಿದ. "ರಾಜಕುಮಾರಿ, ಮೂರನೆಯ ಉತ್ತರ ನನಗೂ ಗೊತ್ತಿತ್ತು."

"ನಿಮಗೆ ಗೊತ್ತಿತ್ತೆಂದು ನನಗೂ ಗೊತ್ತು," ಎಂದಳು ಬಾಚಲೆ. "ಉತ್ತರ ಗೊತ್ತಿಲ್ಲದ ಗೊಗ್ಗಿದೇವರನ್ನು ಮದುವೆಗೆ ಕರೆದಿದ್ದೇನೆ. ನೀವು ಬರಬೇಡಿ."