ಗುರಿಕಾರ ಕಾಟಯ್ಯನ ಮೊದಲ ತುತ್ತು

ಬಹಳ ಬಹಳ ಹಿಂದೆ, ನಮ್ಮೂರ ಕೆರೆಗೆ ಏರಿ ಕಟ್ಟುವುದಕ್ಕೂ ಮುಂಚೆ, ಇದೇ ಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಊರಿನ ನೆತ್ತಿಯ ಮೇಲೆ ಕೋಟೆ, ಕೋಟೆಗೊಬ್ಬ ನಾಯಕ, ನಾಯಕನಿಗೊಂದು ದಂಡು. ದಂಡಿನಲ್ಲಿ ಹತ್ತು ಆಳಿಗೊಬ್ಬ ಗುರಿಕಾರ, ನೂರು ಆಳಿಗೊಬ್ಬ ಸರದಾರ, ಎಲ್ಲರ ಮೇಲೆ ದಳವಾಯಿ. ಹಾಗಂತೆ. ನಾನೇನು ಕಂಡವಳಲ್ಲ. ನಮ್ಮಜ್ಜಿ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು.

ಓಬಳೇಶಾ, ನೀನು ಮುಂದೆ ಬಂದು ಕೂತ್ಕೊಳ್ಳಪ್ಪ. ತೋಳಿಗೆ ಎರಡು ಪಟ್ಟಿ ಹಾಕಿಸಿಕೊಂಡು ಮಿಲಿಟರಿಯಿಂದ ರಜೆಗೆ ಬಂದಿದ್ದೀಯ. ಬಂದಾಗಿನಿಂದ ಮೂರನೇ ಪಟ್ಟಿ ಯಾವಾಗ, ಅದಕ್ಕೆ ಯಾರ ಕೈಕಾಲು ಹಿಡಿಯಬೇಕು ಅನ್ನುವುದೇ ನಿನ್ನ ಮಾತು. ಅಂಗಳದಲ್ಲಿ ಹತ್ತು ತಟ್ಟೆ ಹಾಕಿದ್ದಾರೆ, ನಿನ್ನದು ಮಾತ್ರ ಹಾಕಿಲ್ಲ ಅಂತ ಆಗಲೇ ಮುಖ ಊದಿಸಿಕೊಂಡೆ. ನಿನ್ನ ಊಟ ಆಮೇಲೆ. ಮೊದಲು ಕಾಟಯ್ಯನ ಕತೆ ಕೇಳು.

ಕಾಟಯ್ಯ ಬರೀ ಆಳಾಗಿದ್ದವನಂತೆ. ಒಳ್ಳೇ ಬಂಟ, ಈಟಿ ಎಸೆದರೆ ಓಡುವ ಮೊಲವೂ ನಿಲ್ಲಬೇಕು ಅನ್ನುತ್ತಿದ್ದರಂತೆ. ಅವನಿಗೊಬ್ಬ ಜೊತೆಗಾರ, ತಿಪ್ಪಯ್ಯ. ಇಬ್ಬರೂ ಒಂದೇ ಕೇರಿಯವರು, ಒಂದೇ ಬುರುಜಿನ ಕಾವಲಿಗಿದ್ದವರು, ಉಣ್ಣುವುದೂ ಒಂದೇ ಗಂಗಾಳದಲ್ಲಿ. ಕಾಟಯ್ಯ ಬರುವುದು ತಡವಾದರೆ ತಿಪ್ಪಯ್ಯ ಬುರುಜಿನಿಂದಲೇ ಕೂಗುತ್ತಿದ್ದನಂತೆ, "ಕಾಟಣ್ಣಾ, ಬಾರೋ, ಮುದ್ದೆ ಆರ್ತದೆ!" ಆ ಕೂಗು ಊರಿಗೆಲ್ಲ ಕೇಳಿಸುತ್ತಿತ್ತಂತೆ.

ಒಂದು ಸಲ ಶತ್ರುವಿನ ದಂಡು ಬಂದು ಕೋಟೆಯ ಸುತ್ತ ಬೀಡುಬಿಟ್ಟಿತು. ತಿಂಗಳಾಯಿತು, ಮೂರು ತಿಂಗಳಾಯಿತು, ಕದಲಲಿಲ್ಲ. ಆ ಬುರುಜಿನ ಹಳೇ ಗುರಿಕಾರ ಬಾಣ ತಗಲಿ ಸತ್ತ. ನಾಯಕ ಕಾಟಯ್ಯನನ್ನು ಕರೆಸಿ ಗುರಿಕಾರ ಮಾಡಿದ. ತಲೆಗೆ ಹದಿನಾರು ಮೊಳದ ಕೆಂಪು ರುಮಾಲು, ಕೈಗೆ ಬೆಳ್ಳಿ ಕಟ್ಟಿನ ಕೋಲು, ಜೊತೆಗೆ ಬೇರೆ ಒಲೆ. ಬೇರೆ ಒಲೆ ಅಂದರೆ ಗುರಿಕಾರನಿಗೆ ಅರಮನೆಯಿಂದಲೇ ಅಕ್ಕಿ ಬರುತ್ತಿತ್ತು, ಅವನ ಅಡುಗೆ ಬೇರೆ ಆಗುತ್ತಿತ್ತು. ಆಳುಗಳಿಗೆ ಕೋಟೆಯ ಹಗೇವಿನಲ್ಲಿ, ಅಂದರೆ ನೆಲ ತೋಡಿ ಕಾಳು ತುಂಬಿಟ್ಟ ಕಣಜದಲ್ಲಿ, ಏನಿದೆಯೋ ಅದರ ಹಿಟ್ಟು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕಾಟಯ್ಯ ರುಮಾಲು ಕಟ್ಟಿದ ದಿನವೇ ದಳವಾಯಿಯ ಹತ್ತಿರ ಹೋಗಿ, ನಾನು ಸರದಾರನಾಗಲು ಏನು ಮಾಡಬೇಕು ಅಂತ ಕೇಳಿದನಂತೆ. ದಳವಾಯಿ ಮೀಸೆ ತಿರುವಿ, ಮೇಲಿನವರ ಕಣ್ಣಿಗೆ ಬೀಳು, ಕೆಳಗಿನವರ ದೂರು ಹೊತ್ತುಕೊಂಡು ಮೇಲೆ ಬರಬೇಡ, ದೂರು ತರುವ ಗುರಿಕಾರ ಇದ್ದಲ್ಲೇ ಕೊಳೆಯುತ್ತಾನೆ ಅಂದನಂತೆ. ಕಾಟಯ್ಯ ಆ ಮಾತನ್ನು ರುಮಾಲಿನ ಸೆರಗಿನಲ್ಲಿ ಗಂಟು ಹಾಕಿಕೊಂಡ.

ಗುರಿಕಾರನಾದ ಮೂರನೇ ದಿನ ಹಗೇವಿನ ತಳ ಕಂಡಿತು. ತಳದ ಸಜ್ಜೆಯಲ್ಲಿ ಉಮ್ಮತ್ತಿ ಬೀಜ ಸೇರಿತ್ತಂತೆ. ಉಮ್ಮತ್ತಿ ಗೊತ್ತಲ್ಲ, ತಿಪ್ಪೆ ಮೇಲೆ ಮುಳ್ಳುಕಾಯಿ ಬಿಡುತ್ತದಲ್ಲ, ತಿಂದರೆ ತಲೆ ಕೆಡುತ್ತದಲ್ಲ, ಅದೇ. ಶತ್ರು ಬೆರೆಸಿದ ಅನ್ನುತ್ತಾರೆ ಕೆಲವರು, ಕಣದಲ್ಲೇ ಕಸದ ಜೊತೆ ಬಂತು ಅನ್ನುತ್ತಾರೆ ಕೆಲವರು. ಅಂತೂ ತಳದ ಆ ಕಾಳು ಕಾಟಯ್ಯನ ಬುರುಜಿನ ಪಾಲಿಗೇ ಬಂತು, ಅದರ ಹಿಟ್ಟು ಬೀಸಿ ಮುದ್ದೆ ಮಾಡಿದರು. ತಿಪ್ಪಯ್ಯ ಒಂದು ಚೂರು ಬಾಯಿಗಿಟ್ಟವನೇ ಗಂಗಾಳ ಎತ್ತಿಕೊಂಡು ಕಾಟಯ್ಯನ ಹತ್ತಿರ ಬಂದ.

"ಕಾಟಣ್ಣಾ, ಹಿಟ್ಟು ಕಹಿ ಐತೆ. ಏನೋ ಸೇರೈತೆ. ಒಂದ್ ತುತ್ತು ನೀನೇ ತಿಂದು ನೋಡು."

ಕಾಟಯ್ಯ ಗಂಗಾಳದ ಕಡೆ ನೋಡಲೂ ಇಲ್ಲವಂತೆ. "ಕಾಟಣ್ಣ ಅಲ್ಲ, ಗುರಿಕಾರ ಅನ್ನು. ಹಸಿದೋನಿಗೆ ಕಹಿ ಗೊತ್ತಾಗಲ್ಲ. ಹೋಗಿ ತಿನ್ನು" ಅಂದ.

ಗುರಿಕಾರನ ಮಾತು. ಹತ್ತು ಜನವೂ ತಿಂದರು. ಎಂಥ ಮಾತಪ್ಪಾ ಅದು! ಒಂದೇ ಒಂದು ತುತ್ತು, ಅವನಪ್ಪನ ಗಂಟೇನು ಹೋಗುತ್ತಿತ್ತು?

ಕಾಟಯ್ಯ ನೆರಳಲ್ಲಿ ಕೂತು ಅನ್ನ ಉಂಡು, ಕೈ ತೊಳೆದು, ಬಿಸಿಲೇರಿದ ಮೇಲೆ ಬುರುಜಿಗೆ ಹತ್ತಿದನಂತೆ. ನೋಡುತ್ತಾನೆ, ಯಾರ ಕೈಯಲ್ಲೂ ಈಟಿ ಇಲ್ಲ. ಒಬ್ಬ ನಗುತ್ತಿದ್ದಾನೆ. ಒಬ್ಬ ಗಾಳಿಯಲ್ಲಿ ಹೂವು ಬಿಡಿಸುತ್ತಿದ್ದಾನೆ. ಎಲ್ಲರ ಕಣ್ಣಪಾಪೆಯೂ ಕಪ್ಪಗೆ ಅಗಲವಾಗಿದೆ. ಇನ್ನೊಬ್ಬ ಎದ್ದು ಪಂಚೆ ಸರಿಮಾಡಿಕೊಂಡು, "ಹೊಲದ ಕಡೆ ಹೋಗ್ಬತ್ತೀನಿ" ಅಂದವನೇ ಬುರುಜಿನಿಂದ ಆಚೆಗೆ ಹೆಜ್ಜೆ ಇಟ್ಟುಬಿಟ್ಟನಂತೆ. ಬಾಗಿಲು ದಾಟಿ ಅಂಗಳಕ್ಕೆ ಇಳಿಯುತ್ತೀವಲ್ಲ, ಹಾಗೆ. ಕೆಳಗೆ ಎಂಟು ಆಳುದ್ದ ಬರೀ ಬಂಡೆ.

ಕಾಟಯ್ಯ ದಂಗುಬಡಿದು ನಿಂತ. ಅವನು ನಿಂತೇ ಇದ್ದಾಗ ಎರಡನೆಯವನೂ ಹೋದ, ಮೂರನೆಯವನೂ ಹೋದ. ಆಮೇಲೆ ಮೈಮೇಲೆ ಎಚ್ಚರ ಬಂದು ತಲೆಯ ರುಮಾಲು ಕಿತ್ತು ಬಿಚ್ಚಿ, ಸಿಕ್ಕಸಿಕ್ಕವರನ್ನು ಎಳೆದೆಳೆದು ಕಲ್ಲುಕಂಬಕ್ಕೆ ಬಿಗಿದನಂತೆ. ಅಷ್ಟು ಉದ್ದದ ರುಮಾಲಿಗೆ ಸಿಕ್ಕಿದ್ದು ನಾಲ್ಕೇ ಜನ, ಅಷ್ಟರಲ್ಲಿ ಇನ್ನಿಬ್ಬರು ಹೋಗಿದ್ದರು. ನಾಲ್ಕನೆಯವನಿಗೆ ಗಂಟು ಹಾಕುವಾಗ ಬೆನ್ನ ಹಿಂದೆ ಕೂಗು ಕೇಳಿತು.

"ಕಾಟಣ್ಣಾ, ಬಾರೋ, ಮುದ್ದೆ ಆರ್ತದೆ!"

ತಿರುಗಿ ನೋಡಿದರೆ ತಿಪ್ಪಯ್ಯ ಗೋಡೆಯ ತುದಿಯಲ್ಲಿ ನಿಂತು ನಗುತ್ತಾ ಕೈಬೀಸಿ ಕರೆಯುತ್ತಿದ್ದಾನೆ. ಕಾಟಯ್ಯ ಓಡಿದ. ಕೈಗೆ ಸಿಕ್ಕಿದ್ದು ಬರೀ ಗಾಳಿ.

ಸತ್ತವರು ಆರು ಜನ. ಕಾಟಯ್ಯ ವಾಪಸು ಬಂದು ತಿಪ್ಪಯ್ಯನ ಗಂಗಾಳದಲ್ಲಿ ಉಳಿದಿದ್ದ ಮುದ್ದೆಯ ಚೂರನ್ನು ಬಾಯಿಗಿಟ್ಟುಕೊಂಡನಂತೆ. ಕಹಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ಹೀಗೆ.

ಆದರೆ ಇದಕ್ಕಿಂತ ಬೆಚ್ಚಿಬೀಳಿಸುವ ಸಂಗತಿ ಮುಂದಿದೆ ಕೇಳಿ. ಕೆಳಗಿದ್ದ ಶತ್ರುವಿನ ದಂಡು ಇದನ್ನೆಲ್ಲ ನೋಡಿತಂತೆ. ನಗುನಗುತ್ತಾ ಕೋಟೆಯಿಂದ ಹಾರುವ ಜನ! ಇವರು ಮನುಷ್ಯರೋ ಪಿಶಾಚಿಗಳೋ, ಪ್ರಾಣದ ಮೇಲೇ ಆಸೆ ಇಲ್ಲದವರ ಹತ್ತಿರ ಎಂಥ ಯುದ್ಧ ಅಂತ ಹೆದರಿ, ಹೊತ್ತು ಮುಳುಗುವುದರೊಳಗೆ ಡೇರೆ ಕಿತ್ತರಂತೆ. ಕೋಟೆಯಲ್ಲಿ ನಗಾರಿಯೋ ನಗಾರಿ. ನಾಯಕ ತುಂಬಿದ ಸಭೆಗೆ ಕಾಟಯ್ಯನನ್ನು ಕರೆಸಿದ. ಒಂದು ಮಾತಿಗೆ ಪ್ರಾಣ ಕೊಡುವ ಆಳುಗಳನ್ನು ಮೂರೇ ದಿನದಲ್ಲಿ ತಯಾರು ಮಾಡಿದವನು ಅಂತ ಹೊಗಳಿ, ಇವತ್ತಿನಿಂದ ನೀನು ಸರದಾರ ಅಂದನಂತೆ.

ಯೋಚನೆ ಮಾಡು ಓಬಳೇಶಾ. ಬೇಡಿದ್ದು ತಾನಾಗಿ ಕೈಗೆ ಬಂದಿದೆ. ಬದುಕಿದ ನಾಲ್ವರಿಗೆ ಏನೂ ನೆನಪಿಲ್ಲ. ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸಿದರೆ ಸಾಕು, ಕುದುರೆ, ಪಲ್ಲಕ್ಕಿ, ನೂರು ಆಳು. ದಳವಾಯಿ ಕಣ್ಣಲ್ಲೇ ಸುಮ್ಮನಿರು ಅಂದನಂತೆ.

ಕಾಟಯ್ಯ ಬರಿದಲೆಯಲ್ಲಿ ಬಂದಿದ್ದ. ಕಂಕುಳಲ್ಲಿ ತಿಪ್ಪಯ್ಯನ ಗಂಗಾಳ. ಅದನ್ನು ನಾಯಕನ ಪಾದದ ಹತ್ತಿರ ಇಟ್ಟು, "ಬುದ್ಧೀ, ಅವರು ಪ್ರಾಣ ಕೊಡ್ಲಿಲ್ಲ. ನಾನು ತೆಗೆದೆ. ಕಹಿ ಐತೆ ಅಂದ್ರು, ನಾನು ತಿಂದು ನೋಡ್ಲಿಲ್ಲ" ಅಂದನಂತೆ.

ನಾಯಕ ಕತ್ತಿಯ ಹಿಡಿಗೆ ಕೈ ಹಾಕಿದ. ಆಮೇಲೆ ಗಂಗಾಳದ ಕಡೆ ನೋಡಿ ಕೈ ತೆಗೆದ. ನಿನ್ನನ್ನು ಕೊಂದರೆ ನಾಳೆ ಬರುವ ಗುರಿಕಾರನಿಗೆ ಇದು ತಿಳಿಯುವುದಿಲ್ಲ, ನೀನು ಸಾಯುವವರೆಗೂ ಹತ್ತಾಳಿನ ಗುರಿಕಾರನಾಗಿಯೇ ಇರು, ಹೊಸದಾಗಿ ರುಮಾಲು ಕಟ್ಟಿದವರೆಲ್ಲ ಮೊದಲು ನಿನ್ನ ಹತ್ತಿರ ಬರಲಿ ಅಂತ ಅಪ್ಪಣೆ ಮಾಡಿದನಂತೆ. ಮಾರನೇ ದಿನ ಕೋಟೆಯಲ್ಲಿದ್ದ ಗುರಿಕಾರರ ಬೇರೆ ಒಲೆಗಳನ್ನೆಲ್ಲ ಕಾಟಯ್ಯನೇ ಒಡೆದು ಹಾಕಿದನಂತೆ.

ನಲವತ್ತು ವರ್ಷ ಅವನು ಗುರಿಕಾರನಾಗಿಯೇ ಉಳಿದ. ಅರವತ್ತು ಅನ್ನುವವರೂ ಇದ್ದಾರೆ. ಅವನ ಮುಂದೆ ಎಷ್ಟೋ ಜನ ಸರದಾರರಾದರು, ದಳವಾಯಿಗಳಾದರು. ಮೇಲೇರುವುದು ಹೇಗೆ ಅಂತ ಕೇಳಲು ಬಂದ ಒಬ್ಬೊಬ್ಬರಿಗೂ ಅವನು ಅದೇ ಗಂಗಾಳ ಮುಂದಿಟ್ಟು ಹೇಳುತ್ತಿದ್ದದ್ದು ಎರಡೇ ಮಾತಂತೆ. ಮೊದಲ ತುತ್ತು ನಿನ್ನದು, ವಿಷವಿದ್ದರೆ ನಿನಗೇ ತಗಲಲಿ. ಕೊನೆಯ ಪಾಲು ನಿನ್ನದು, ಕಡಿಮೆ ಬಿದ್ದರೆ ನಿನಗೇ ಬೀಳಲಿ. ಅವನು ಸತ್ತ ದಿನ ಯಾರೂ ಕರೆಯದೆ ಎದ್ದು ಕೂತು, "ಬಂದೆ ಕಣೋ ತಿಪ್ಪಾ" ಅಂದನಂತೆ. ಆಗಲೂ ಉಂಡಿರಲಿಲ್ಲವಂತೆ, ಆಳುಗಳ ಊಟ ಇನ್ನೂ ಮುಗಿದಿರಲಿಲ್ಲ.

ಈಗ ಕೋಟೆ ಇಲ್ಲ, ನಾಯಕರಿಲ್ಲ. ಆದರೂ ನಮ್ಮ ಕೇರಿಯಲ್ಲಿ ದಂಡಿನವನಿಗೆ ಪಟ್ಟಿ ಬರಲಿ, ಪೊಲೀಸಿನವನಿಗೆ ಬರಲಿ, ಮನೆಯ ಮುಂದೆ ಹತ್ತು ತಟ್ಟೆ ಹಾಕುತ್ತೇವೆ. ಒಂದು ತಟ್ಟೆಯ ಮುದ್ದೆಗೆ ಬೇವಿನ ಸೊಪ್ಪು ಅರೆದು ಸೇರಿಸುತ್ತೇವೆ. ಯಾವ ತಟ್ಟೆ ಅಂತ ಪಟ್ಟಿ ಬಂದವನಿಗೆ ಹೇಳುವುದಿಲ್ಲ. ಅದು ಸಿಕ್ಕಿದವರು ಕೂಗುತ್ತಾರೆ, ಅವನು ಎದ್ದು ಹೋಗಿ ಅವರ ತಟ್ಟೆಯಿಂದಲೇ ತಿನ್ನಬೇಕು. ನುಂಗುವವರೆಗೂ ಮಿಕ್ಕ ಒಂಬತ್ತು ಜನ ತಟ್ಟೆ ಮುಟ್ಟುವುದಿಲ್ಲ.

ನೋಡು, ಎಲ್ಲರೂ ಕೂತರು. ಆ ಕೊನೆಯಲ್ಲಿ ಬೀದಿ ಗುಡಿಸುವ ಸಣ್ಣೀರಮ್ಮ ಮುದ್ದೆ ಮುರಿದಳು, ಬಾಯಿಗಿಟ್ಟಳು.

"ಗುರಿಕಾರಾ, ಕಹಿ ಐತೆ!"

ಏಳು ಓಬಳೇಶಾ, ನಿನ್ನನ್ನೇ ಕರೆದದ್ದು.